ಓ, ಯು, ಜಿ, ಎಚ್: ತಪ್ಪು ಬಾಯಿಯದಲ್ಲ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಮಾತಾಡಿದ ಮೂವರೂ ಒಂದೇ ದೂರು ಹೇಳಿದರು. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಉಚ್ಚಾರಣೆ ಕೆಟ್ಟದು ಅಂತ. ನಾನು ಬೇರೇನೋ ಬರೆದುಕೊಂಡು ಬಂದಿದ್ದೆ. ಇದನ್ನೆಲ್ಲ ಕೇಳಿ ಹೊಟ್ಟೆ ಉರಿದು ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಈಗ ಬೋರ್ಡಿನ ಮೇಲೆ ನಾಲ್ಕೇ ಅಕ್ಷರ ಬರೆಯುತ್ತೇನೆ. ಓ, ಯು, ಜಿ, ಎಚ್. ಇದನ್ನು ಹೇಗೆ ಓದುತ್ತೀರಿ, ಹೇಳಿ ನೋಡೋಣ. ಯಾರೂ ಬಾಯಿ ಬಿಡುತ್ತಿಲ್ಲ ಅಲ್ವಾ? ಇಷ್ಟು ಜನ ಇಂಗ್ಲಿಷ್ ಮೇಷ್ಟ್ರು ಕೂತಿದ್ದೀರಿ!

ನಾನು ಬಾಯಿ ಬಿಟ್ಟು ಕೆಟ್ಟವನು. ಪಿಯುಸಿ ಮೊದಲ ವರ್ಷ. ಹಳ್ಳಿಯಿಂದ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಲೆಕ್ಚರರ್ ನನ್ನನ್ನೇ ಎಬ್ಬಿಸಿ ಪಾಠ ಓದು ಅಂದರು. ಒಂದು ಸಾಲಿನಲ್ಲಿ 'ಟಫ್' ಬಂತು. ಅದು ಗೊತ್ತಿತ್ತು, ನಮ್ಮೂರ ಬಸ್ಸಿನ ಕಂಡಕ್ಟರ್ ಕೂಡ 'ಪೇಪರ್ ಟಫ್ ಇತ್ತೇನೋ' ಅಂತ ಕೇಳುತ್ತಿದ್ದ. ಧೈರ್ಯ ಬಂತು. ಎರಡು ಸಾಲು ದಾಟಿದರೆ ಅದೇ ಪದ, ಟಿ ಆದ ಮೇಲೆ ಒಂದು ಎಚ್ ಜಾಸ್ತಿ, ಅಷ್ಟೇ. ಟಫ್‌ಗೆ ಒಂದು ಎಚ್ ಸೇರಿಸಿದರೆ ಏನಾಗಬೇಕು? ನಾನೂ ಗಟ್ಟಿಯಾಗಿ 'ಥಫ್' ಅಂದೆ. ಅದು ಹೇಗೆ ಕೇಳಿಸಿತು ಅಂದರೆ, ಎಲೆ ಅಡಿಕೆ ಉಗಿದ ಹಾಗೆ. ಲೆಕ್ಚರರ್ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ನಿಧಾನವಾಗಿ ಒರೆಸಿಕೊಂಡು, 'ಯಾರ ಮೇಲೆ ಉಗಿದೆಯಪ್ಪಾ?' ಅಂದರು. ಹುಡುಗಿಯರ ಬೆಂಚೂ ನಕ್ಕಿತು. ಮುಂದಿನ ಸಾಲಿನಲ್ಲಿ 'ಥ್ರೂ' ಕೂತಿತ್ತು, ಅದನ್ನು ನಾನು ಓದಲೇ ಇಲ್ಲ, ಪುಸ್ತಕ ಹಿಡಿದು ಸುಮ್ನೆ ನಿಂತೆ. ಎರಡು ವರ್ಷ ನನ್ನ ಹೆಸರೇ ಥಫ್. ಒಬ್ಬ ಹಳೆಯ ಸ್ನೇಹಿತ ಈಗಲೂ ಫೋನ್ ಮಾಡಿದರೆ 'ಏನೋ ಥಫ್, ಮೊಮ್ಮಕ್ಕಳು ಹೇಗಿದ್ದಾರೆ' ಅಂತಲೇ ಶುರು ಮಾಡುತ್ತಾನೆ.

ನನ್ನ ಲೆಕ್ಕದಲ್ಲಿ ಏನು ತಪ್ಪಿತ್ತು ಹೇಳಿ. ತಪ್ಪು ಬಾಯಿಯದಲ್ಲ, ಬರಹದ್ದು.

ಈ ನಾಲ್ಕು ಅಕ್ಷರಗಳ ಆಟ ನೋಡಿ. ಟಫ್, ರಫ್, ಇನಫ್‌ನಲ್ಲಿ 'ಅಫ್'. ಕೆಮ್ಮಿನ ಕಾಫ್‌ನಲ್ಲಿ 'ಆಫ್'. ನನ್ನ ಮಾನ ಕಳೆದ, ಎಚ್ ಜಾಸ್ತಿ ಇದ್ದ ಆ ಪದವನ್ನು ಓದಬೇಕಾದದ್ದು 'ದೋ' ಅಂತ, ಅಲ್ಲಿ ಬರೀ 'ಓ'. ಥ್ರೂ ಅಂದರೆ 'ಊ'. ಮರದ ಕೊಂಬೆಗೆ ಬೌ, ಅಲ್ಲಿ 'ಔ'. ಥಾಟ್‌ನಲ್ಲಿ 'ಆ'. ಬಿಕ್ಕಳಿಕೆಯ ಹಿಕಪ್ ಅನ್ನು ಹಳೆಯ ರೀತಿಯಲ್ಲಿ ಬರೆದರೆ 'ಅಪ್'! ಇದು ಸಾಲದು ಅಂತ ಇಂಗ್ಲೆಂಡಿನಲ್ಲಿ ಲಫ್‌ಬರ ಅಂತ ಒಂದು ಊರಿದೆ. ಅದರ ಸ್ಪೆಲಿಂಗಿನಲ್ಲಿ ಇವೇ ನಾಲ್ಕು ಅಕ್ಷರ ಎರಡು ಸಲ ಬರುತ್ತವೆ, ಮೊದಲ ಸಲ 'ಅಫ್', ಎರಡನೇ ಸಲ ಬರೀ 'ಅ'. ನಮ್ಮ ಹುಡುಗ ಅಲ್ಲಿಗೆ ಟಿಕೆಟ್ ಕೇಳುವುದು ಹೇಗೆ?

ಇದೆಲ್ಲ ಹುಚ್ಚಾಟವೇನಲ್ಲ, ಹಿಂದೆ ಒಂದು ಕಥೆ ಇದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದಗಳಲ್ಲಿ ಹೆಚ್ಚಿನವಕ್ಕೆ ಗಂಟಲಿನಿಂದ ಬರುವ ಒಂದು ಸದ್ದಿತ್ತು. ನಮ್ಮ ವಿಸರ್ಗಕ್ಕೆ ಅಣ್ಣ ಅಂದುಕೊಳ್ಳಿ, ಮೀನಿನ ಮುಳ್ಳು ಸಿಕ್ಕಿದಾಗ ಕ್ಯಾಕರಿಸುತ್ತೇವಲ್ಲ, ಹಾಗೆ. ಜರ್ಮನ್ನರು ರಾತ್ರಿಗೆ 'ನಾಖ್ಟ್' ಅನ್ನುವಾಗ, ಸ್ಕಾಟ್ಲೆಂಡಿನವರು ಸರೋವರಕ್ಕೆ 'ಲಾಖ್' ಅನ್ನುವಾಗ ಆ ಸದ್ದು ಈಗಲೂ ಕೇಳುತ್ತದೆ. ಅದನ್ನು ಬರೆಯಲು ಜಿ, ಎಚ್ ಜೋಡಿ ಬಳಕೆಗೆ ಬಂತು. ಆಮೇಲೆ ಇಂಗ್ಲಿಷರ ಗಂಟಲಿಗೆ ಸೋಮಾರಿತನ ಬಂತು. ಕೆಲವು ಪದಗಳಲ್ಲಿ ಸದ್ದು ಪೂರ್ತಿ ಬಿದ್ದುಹೋಯಿತು. ಕೆಲವು ಕಡೆ, 'ಉ' ಅನ್ನಲು ತುಟಿ ಮೊದಲೇ ಮುಂದೆ ಬಂದಿರುತ್ತದಲ್ಲ, ಗಂಟಲಿನ ಗಾಳಿ ತುಟಿಗೆ ಬಂದು 'ಫ್' ಆಯಿತು. ಒಂದು ಸೀಮೆಯವರು ಒಂದು ಥರ, ಇನ್ನೊಂದು ಸೀಮೆಯವರು ಇನ್ನೊಂದು ಥರ. ಲಂಡನ್ನಿನಲ್ಲಿ ಎಲ್ಲ ಕಲಸಿಹೋಯಿತು. ಅಷ್ಟರಲ್ಲಿ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಮನೆ ತೆರೆದಿದ್ದ. ಅಚ್ಚಿನಲ್ಲಿ ಕೂತ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಯಿತು. ಬಾಯಿ ಮಾತ್ರ ನಿಲ್ಲಲಿಲ್ಲ, ಮುಂದೆ ನಡೆಯಿತು.

ನಾವೇನು ಮಾಡಿದೆವು ನೋಡಿ. ಹಳಗನ್ನಡದಲ್ಲಿ ಪಾಲ್, ಪುಲಿ, ಪೂ. ಬಾಯಲ್ಲಿ ಪಕಾರ ಹೋಗಿ ಹಕಾರ ಬಂದಾಗ ಬರಹವನ್ನೂ ಬದಲಿಸಿ ಹಾಲು, ಹುಲಿ, ಹೂವು ಅಂದೆವು. ಱ, ೞ ಅಂತ ಎರಡು ಅಕ್ಷರಗಳಿದ್ದವು, ಸದ್ದು ಹೋಯಿತು, ಅಕ್ಷರವನ್ನೂ ಬಿಟ್ಟೆವು. ಇಂಗ್ಲಿಷರಾಗಿದ್ದರೆ ಇವತ್ತಿಗೂ 'ಪಾಲ್' ಅಂತ ಬರೆದು 'ಹಾಲು' ಅಂತ ಓದು ಅನ್ನುತ್ತಿದ್ದರು, ಓದದ ಹುಡುಗನ ಕಿವಿ ಹಿಂಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ 'ಋಷಿ' ಅಂದರಲ್ಲ? ಸರಿ ಸಾರ್, ಒಪ್ಪಿದೆ. 'ಋ' ಬರೆದು 'ರು' ಅನ್ನುತ್ತೇವೆ, ನಾವೂ ಪೂರಾ ಸಾಚಾ ಅಲ್ಲ. ಆದರೆ ನಮ್ಮದು ಸಾಸಿವೆ, ಅವರದು ಕುಂಬಳಕಾಯಿ.

ಸಂಚಾಲಕರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಅಂತೆ. ಆ ಐದರಲ್ಲಿ ಎರಡು ಚೀಟಿ ಬರುವುದರಲ್ಲೇ ಕಳೆದಿರುತ್ತದೆ. ಬೇಗ ಹೇಳುತ್ತೇನೆ. ಹಿಕಪ್‌ಗೆ ಮೊದಲು ಈ ನಾಲ್ಕು ಅಕ್ಷರ ಇರಲೇ ಇಲ್ಲ. ಬಿಕ್ಕಳಿಕೆಯೂ ಒಂದು ಬಗೆಯ ಕೆಮ್ಮೇ ಇರಬೇಕು ಅಂದುಕೊಂಡು ಕಾಫ್‌ನ ಸ್ಪೆಲಿಂಗ್ ತಂದು ಅಂಟಿಸಿದರು. ಡಿಲೈಟ್‌ನದೂ ಅದೇ ಕಥೆ. ಅದು ಫ್ರೆಂಚಿನಿಂದ ಬಂದ ಪದ, ಬರುವಾಗ ಜಿಯೂ ಇರಲಿಲ್ಲ, ಎಚ್ಚೂ ಇರಲಿಲ್ಲ. ಬೆಳಕಿನ 'ಲೈಟ್' ನೋಡಿ ಸೇರಿಸಿದರು. ಅಂದರೆ ಓದು ಬರಹ ಬಲ್ಲವರೇ ತಪ್ಪು ಮಾಡಿದರು, ಅದು ಡಿಕ್ಷನರಿ ಸೇರಿತು. ನಾನು ಮಾಡಿದ ತಪ್ಪಿಗೆ ಅಡ್ಡಹೆಸರು ಸಿಕ್ಕಿತು! ತಪ್ಪು ಬಾಯಿಯದಲ್ಲ ಅಂತ ಇನ್ನೆಷ್ಟು ಸಲ ಹೇಳಲಿ.

ಅಮೆರಿಕದವರು ನೇಗಿಲಿನ 'ಪ್ಲೌ'ದಿಂದ ಯು, ಜಿ, ಎಚ್ ಬಾಲ ಕತ್ತರಿಸಿ ಡಬ್ಲ್ಯೂ ಹಾಕಿಕೊಂಡರು, ಅವರ ಡಿಕ್ಷನರಿ ಬರೆದ ನೋವಾ ವೆಬ್‌ಸ್ಟರ್‌ನ ಸಂಗತಿ ಹೇಳಬೇಕಿತ್ತು, ಹೋಗಲಿ. ಥ್ರೂ ಮತ್ತು 'ಕೂಲಂಕಷ' ಅನ್ನುವ ಅರ್ಥದ ಥರೋ ಹಿಂದೆ ಒಂದೇ ಪದವಾಗಿದ್ದವು, ಅದನ್ನು ಊಟದ ಸಾಲಿನಲ್ಲಿ ಕೇಳಿ, ಹೇಳುತ್ತೇನೆ.

ಬೋರ್ಡ್ ಮಾತ್ರ ಒರೆಸಬೇಡಿ. ಮಧ್ಯಾಹ್ನ ಮಕ್ಕಳ ಉಚ್ಚಾರಣೆ ತಿದ್ದುವುದು ಹೇಗೆ ಅಂತ ಒಬ್ಬರು ಮಾತಾಡುತ್ತಾರಂತೆ. ಅವರು ಬಂದ ಕೂಡಲೇ ಈ ನಾಲ್ಕು ಅಕ್ಷರ ಓದಿಸಿ.