ಪದರ ಬಿಲ್ಲು ಮತ್ತು ನಮ್ಮ ಕಡೆಯ ಬಿಸಿಲು

ಕೇಳುಗರೇ, ನಮಸ್ಕಾರ.

ಮನೆಯ ಹಿತ್ತಲಲ್ಲೋ ತಗಡಿನ ಶೆಡ್ಡಿನಲ್ಲೋ ಪದರ ಬಿಲ್ಲು ಕಟ್ಟಬೇಕು ಅನ್ನುವವರಿಗಾಗಿ ಇವತ್ತಿನ ಮಾತು. ತುದಿಗಳು ಗುರಿಯ ಕಡೆಗೆ ಹೊರಳಿಕೊಂಡಿರುವ, ರಿಕರ್ವ್ ಅನ್ನುವ ಜಾತಿಯ ಬಿಲ್ಲು ಇದು. ಒಂದೇ ಕಟ್ಟಿಗೆಯಲ್ಲಿ ಕೆತ್ತಿದ್ದಲ್ಲ. ತೆಳುವಾದ ಕಟ್ಟಿಗೆ ಪಟ್ಟಿಗಳ ಎರಡೂ ಮೈಗೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿ ಮಾಡಿದ್ದು. ಹಾಗಾಗಿ ಕಟ್ಟಿಗೆಗಿಂತ ಇಲ್ಲಿ ಅಂಟಿನದೇ ದೊಡ್ಡ ಪಾತ್ರ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಆ ಅಂಟನ್ನು ತಂಪು ದೇಶದವರ ಲೆಕ್ಕದಲ್ಲಿ ನಡೆಸಿದರೆ ಬಿಲ್ಲು ಉಳಿಯುವುದಿಲ್ಲ.

ಮೊದಲಿಗೆ ಅಳತೆ. ಬಿಲ್ಲು ಕಟ್ಟಲು ಕಲಿಯುವವರಿಗೆ 60 ಇಂಚು ಉದ್ದ, 28 ಇಂಚು ಎಳೆದು ಹಿಡಿಯಲು 35ರಿಂದ 40 ಪೌಂಡ್ ಬಲ ಬೇಡುವ ಬಿಲ್ಲು ಸಾಕು. ನಡುವೆ 18 ಇಂಚಿನ ಹಿಡಿಕೆ. ಅದಕ್ಕೆ ನಮ್ಮ ಜಾಲಿ ಕಟ್ಟಿಗೆ ಛಲೋ, ಶೀಶಮ್ ಕೂಡ ನಡೆಯುತ್ತದೆ. ಸಾಗವಾನಿಯಲ್ಲಿ ಎಣ್ಣೆ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನಿನಿಂದ ಒರೆಸಿಕೊಳ್ಳಬೇಕು. ಹಿಡಿಕೆಯ ಆಚೀಚೆ ಬಾಗುವ ತೋಳುಗಳ ಒಳಪಟ್ಟಿಗೆ ಬಿದಿರು ಅಥವಾ ನೇರ ಎಳೆಯ ಮೇಪಲ್. ಎರಡು ತೋಳಿಗೂ ಒಂದೇ ಹಲಗೆಯ ಪಟ್ಟಿಗಳಿರಲಿ.

ಗಾಜಿನ, ಅಂದರೆ ಆ ಫೈಬರ್‌ಗ್ಲಾಸ್ ಪಟ್ಟಿಯ ವಿಷಯದಲ್ಲಿ ಉಳಿತಾಯ ಬೇಡ. ಕೂಲರ್ ಮೈ, ನೀರಿನ ಟಾಕಿ ರಿಪೇರಿಗೆ ಅಂಗಡಿಯಲ್ಲಿ ಸಿಗುವ ಗಾಜಿನ ಚಾಪೆಯಲ್ಲಿ ನಾರುಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಬಿಲ್ಲಿಗೆ ಬೇಕಾದುದು ನಾರುಗಳೆಲ್ಲ ಉದ್ದಕ್ಕೇ ಓಡುವ, ಒಂದು ಮಿಲಿಮೀಟರ್ ದಪ್ಪದ ಪಟ್ಟಿ. ಬಿಲ್ಲುಗಾರಿಕೆಯ ಸಾಮಾನು ಮಾರುವವರಿಂದ ತರಿಸಿಕೊಳ್ಳಬೇಕು.

ಕಟ್ಟಿಗೆ ಪಟ್ಟಿ ಎರಡು ಪದರ. ಬುಡದಲ್ಲಿ ಒಂದೊಂದೂ 2.8 ಮಿಲಿಮೀಟರ್ ಇದ್ದು, ತುದಿಯ ಕಡೆ ಪ್ರತಿ 100 ಮಿಲಿಮೀಟರಿಗೆ 0.1ರಂತೆ ಸಣ್ಣಗಾಗಬೇಕು. ಎರಡು ಗಾಜು ಸೇರಿ ಬುಡದಲ್ಲಿ ಒಟ್ಟು 7.6 ಮಿಲಿಮೀಟರ್. ಪದರಗಳನ್ನು ಬಾಗಿಸಿ ಅಂಟಿಸುವ ಅಚ್ಚಿನ ಬಾಗು ಬದಲಾದರೆ ಎಳೆತದ ತೂಕವೂ ಬದಲಾಗುತ್ತದೆ. ಇದನ್ನು ಮೊದಲ ಬಿಲ್ಲಿನ ಅಂದಾಜು ಅಂತ ಹಿಡಿಯಿರಿ. ದಪ್ಪ ಅಳೆಯುವ ವರ್ನಿಯರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ತೋಳಿನ ಬಿಗಿ ದಪ್ಪದ ಘನದಂತೆ ಏರುತ್ತದೆ: ಕೇವಲ 0.1 ಮಿಲಿಮೀಟರ್ ಹೆಚ್ಚಾದರೆ 40 ಪೌಂಡಿನ ಬಿಲ್ಲಿಗೆ ಹೆಚ್ಚುಕಡಿಮೆ ಒಂದೂವರೆ ಪೌಂಡ್ ಕೂಡುತ್ತದೆ. ಒಂದೇ ತೋಳಿನಲ್ಲಿ ಹಾಗಾದರೆ ಬಿಲ್ಲು ಒಂದು ಕಡೆ ವಾಲುತ್ತದೆ.

ಪಟ್ಟಿ ಮಟ್ಟ ಮಾಡಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಸಾಮಿಲ್ಲಿನಲ್ಲಿ ನಾಲ್ಕು ಮಿಲಿಮೀಟರಿಗೆ ಸೀಳಿಸಿ ತನ್ನಿ. ಪಾಲಿಶ್ ಮಾಡಿದ ಶಹಾಬಾದ್ ಫರ್ಸಿಯ ಉದ್ದನೆಯ ತುಂಡೊಂದಕ್ಕೆ ಉಕ್ಕಿನ ಪಟ್ಟಿ ಅಡ್ಡಹಿಡಿದು, ಕೆಳಗಿಂದ ಬೆಳಕು ನುಸುಳದಿದ್ದರೆ ಅದು ಮಟ್ಟವಾಗಿದೆ. ಅದರ ಮೇಲೆ 60 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ ಉಜ್ಜಿ. ಅಂಟುವ ಮೈ ನುಣುಪಾಗಬಾರದು, 60ರ ಗೀರುಗಳು ಹಾಗೇ ಇರಲಿ.

ಅಚ್ಚಿಗೆ 18 ಮಿಲಿಮೀಟರ್ ಪ್ಲೈವುಡ್ ಮೂರು ಪದರ ಕೂಡಿಸಿ, ಬಿಲ್ಲಿನ ಬಾಗು ಬರೆದು ಕೊಯ್ಯಬೇಕು. ಪಟ್ಟಿ ಕೂಡುವ ಮೈ ಉದ್ದಕ್ಕೂ ಮೂಲೆಮಟ್ಟಕ್ಕೆ ಸರಿಯಾಗಿ ಕೂಡಲಿ. ತಿರುಚಿದ ತೋಳುಗಳಲ್ಲಿ ಬಹಳಷ್ಟರ ಮೂಲ ಇಲ್ಲೇ ಇರುತ್ತದೆ. ಮೈ ತುಂಬಾ ಪ್ಯಾಕಿಂಗ್ ಟೇಪ್ ಸುತ್ತಿ ಮೇಣ ಸವರಿ, ಇಲ್ಲದಿದ್ದರೆ ಬಿಲ್ಲೂ ಅಚ್ಚೂ ಒಂದೇ ಆಗಿಬಿಡುತ್ತವೆ. ಹಿಡಿಕೆಯ ಎರಡೂ ತುದಿ ಇಳಿಜಾರಾಗಿ, ಕೊನೆಯಲ್ಲಿ ಕಾಗದದಷ್ಟು ತೆಳುವಾಗಬೇಕು. ಅಲ್ಲಿ ಮೊಂಡಾಗಿ ನಿಂತರೆ ಬಾಗುವ ಭಾರವೆಲ್ಲ ಆ ಗೆರೆಯ ಮೇಲೇ ಬಿದ್ದು, ಪದರ ಮೊದಲು ಬಿಚ್ಚುವುದೂ ಅಲ್ಲಿಂದಲೇ.

ಇನ್ನು ಅಂಟು. ಬಿಳಿ ಮರದಂಟು ಗಾಜಿಗೆ ಹಿಡಿಯುವುದಿಲ್ಲ, ಬಿಸಿಗೆ ಜಾರುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಪದರ ಜೋಡಿಸಿ ಮುಗಿಸಲು ಆಗದು. ನಿಧಾನಕ್ಕೆ ಗಟ್ಟಿಯಾಗುವ, ಬಿಸಿಯಲ್ಲಿ ಪಕ್ವ ಮಾಡಬಹುದಾದ ಎಪಾಕ್ಸಿ ಬೇಕು. ಒಂದು ಬಿಲ್ಲಿಗೆ ಸುಮಾರು 200 ಗ್ರಾಂ. ರೆಸಿನ್, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಎರಡನ್ನೂ ಡಬ್ಬಿಯ ಮೇಲಿನ ಪ್ರಮಾಣಕ್ಕೆ, ಕಣ್ಣಂದಾಜಿನಲ್ಲಿ ಅಲ್ಲ, ಬಂಗಾರದಂಗಡಿಯವರಂತೆ ತಕ್ಕಡಿಯಲ್ಲಿ ತೂಗಿ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾದೀತು ಅನ್ನುವುದು ತಪ್ಪು. ಮಿಕ್ಕಿದ್ದು ಒಳಗೇ ಉಳಿದು ಅಂಟನ್ನು ಮೆತ್ತಗಾಗಿಸುತ್ತದೆ.

ಶಾಖ ಹತ್ತು ಡಿಗ್ರಿ ಏರಿದರೆ ಕಲಸಿದ ಅಂಟಿನ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. 25 ಡಿಗ್ರಿಯಲ್ಲಿ ಒಂದು ಗಂಟೆ ಸಿಕ್ಕರೆ ನಮ್ಮ ಮಧ್ಯಾಹ್ನದ 42ರಲ್ಲಿ ಇಪ್ಪತ್ತು ನಿಮಿಷ ಸಿಗುವುದೂ ಕಷ್ಟ. ಬೇಸಿಗೆಯಲ್ಲಿ ನಸುಕಿನಲ್ಲೇ ಕೆಲಸ ಮುಗಿಸಿ. ಡಿಸೆಂಬರ್, ಜನವರಿ ಆದರೆ ಇನ್ನೂ ಒಳ್ಳೆಯದು. ಅಂಟನ್ನು ಲೋಟದಲ್ಲಿ ಗುಡ್ಡೆ ಇಡದೆ ಅಗಲ ತಟ್ಟೆಗೆ ಸುರಿಯಿರಿ. ಗುಡ್ಡೆಯಾಗಿದ್ದರೆ ತನ್ನ ಕಾವಿನಿಂದ ತಾನೇ ಕುದಿಯುತ್ತದೆ. ಮಳೆಗಾಲದಲ್ಲಿ ತೊಂದರೆ ಬೇರೆ, ಕಟ್ಟಿಗೆ ತೇವ ಹೀರಿರುತ್ತದೆ. ಪಟ್ಟಿಗಳನ್ನು ಬೆಚ್ಚಗಿನ ಒಣ ಜಾಗದಲ್ಲಿಟ್ಟು, ಒಂದನ್ನು ದಿನಾ ತೂಗುತ್ತಾ ಹೋಗಿ, ತೂಕ ಇಳಿಯುವುದು ನಿಂತ ಮೇಲೆ ಅಂಟಿಸಿ.

ಗಾಜಿನ ಒರಟು ಮೈಯನ್ನು ಅಸಿಟೋನಿನಿಂದ ಒರೆಸಿದ ಮೇಲೆ ಬರಿಗೈ ತಾಗಿಸಬೇಡಿ, ಬೆವರು ಅಂಟಿಗೆ ಶತ್ರು. ಕೂಡುವ ಎರಡೂ ಮೈಗೆ ಅಂಟು ಸವರಿ. ಅಚ್ಚಿನ ಮೇಲೆ ಮೊದಲು ಬಿಲ್ಲಿನ ಬೆನ್ನಿನ, ಅಂದರೆ ಗುರಿಯ ಕಡೆಗಿರುವ ಗಾಜು, ಅದರ ಮೇಲೆ ಪಟ್ಟಿ, ಹಿಡಿಕೆ, ಎರಡನೇ ಪಟ್ಟಿ, ಕೊನೆಗೆ ಹೊಟ್ಟೆಯ, ಅಂದರೆ ಬಾಣ ಬಿಡುವವರ ಕಡೆಗಿರುವ ಗಾಜು. ಅದರ ಮೇಲೊಂದು ತೆಳು ತಗಡಿನ ಪಟ್ಟಿ ಇಟ್ಟು, ಇಂಚು ಅಗಲಕ್ಕೆ ಸೀಳಿದ ಸೈಕಲ್ ಟ್ಯೂಬನ್ನು ಹಿಡಿಕೆಯಿಂದ ತುದಿಯ ಕಡೆಗೆ ಬಿಗಿಯಾಗಿ ಸುತ್ತುತ್ತಾ ಹೋಗಿ. ನಡುವೆ ಸುತ್ತು ಬಿಟ್ಟರೆ ಅಲ್ಲಿ ಅಂಟು ದಪ್ಪ ನಿಲ್ಲುತ್ತದೆ. ಅಂಚಿನುದ್ದಕ್ಕೂ ಅಂಟು ಸಣ್ಣ ಹನಿಗಳಾಗಿ ಹೊರಬರಬೇಕು. ಎಲ್ಲಿ ಬರಲಿಲ್ಲವೋ ಅಲ್ಲಿ ಒಳಗೆ ಅಂಟು ಸಾಲದೆ ಬರಿದಾಗಿದೆ ಅಂತಲೇ ಅರ್ಥ. ಇದನ್ನೆಲ್ಲ ಒಮ್ಮೆ ಅಂಟಿಲ್ಲದೆ ಜೋಡಿಸಿ ನೋಡಿಕೊಂಡಿರಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಅಂಟು ಕೋಣೆಯ ಶಾಖದಲ್ಲೇ ಗಟ್ಟಿಯಾಯಿತು, ಇನ್ನು ಬಿಚ್ಚೋಣ ಅನ್ನಬೇಡಿ. ಹಾಗೆ ಗಟ್ಟಿಯಾದ ಎಪಾಕ್ಸಿಗಳಲ್ಲಿ ಎಷ್ಟೋ 50, 60 ಡಿಗ್ರಿಯಲ್ಲೇ ಮೆತ್ತಗಾಗುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖ ಹುಟ್ಟುವುದು ನಮ್ಮಲ್ಲಿ ದಿನದ ಮಾತು. ಅದಕ್ಕೆ ಪ್ಲೈವುಡ್ ಪೆಟ್ಟಿಗೆ ಮಾಡಿ, ಒಳಗೆ ತಗಡು ಹೊದಿಸಿ, 100 ವ್ಯಾಟಿನ ಹಳೆಯ ತಂತಿ ಬಲ್ಬು ನಾಲ್ಕು ಹಾಕಿ, ಅಚ್ಚು ಸಮೇತ 70 ಡಿಗ್ರಿಯಲ್ಲಿ ಐದಾರು ಗಂಟೆ ಕಾಯಿಸಿ. ಥರ್ಮಾಮೀಟರ್ ಎರಡೂ ತುದಿಯಲ್ಲಿರಲಿ. ಬಲ್ಬು ಕಟ್ಟಿಗೆಗೆ ತಾಗದಿರಲಿ, ಪೆಟ್ಟಿಗೆ ಬಿಟ್ಟು ದೂರ ಹೋಗಬೇಡಿ. ಆಮೇಲೆ ಪೆಟ್ಟಿಗೆಯಲ್ಲೇ ತಣ್ಣಗಾಗಲಿ. ಬಿಸಿಯಿದ್ದಾಗಲೇ ಬಿಚ್ಚಿದರೆ ತುದಿಯ ಹೊರಳು ಸಡಿಲುತ್ತದೆ.

ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಒಳ್ಳೆಯ ಮಾಸ್ಕ್, ಮೈಗೆ ತುಂಬುತೋಳಿನ ಅಂಗಿ, ಸಾಧ್ಯವಾದಷ್ಟು ನೀರು ಹಾಕಿ ಉಜ್ಜುವುದು. ತೋಳನ್ನು ಹಿಡಿಕೆಯ ಬಳಿ 38 ಮಿಲಿಮೀಟರ್, ತುದಿಯಲ್ಲಿ 15ಕ್ಕೆ ತರಬೇಕು, ಆದರೆ ಮೊದಲು ಎರಡು ಮೂರು ಮಿಲಿಮೀಟರ್ ಅಗಲ ಉಳಿಸಿ. ಹೆದೆ ಒಂದು ಪಕ್ಕಕ್ಕೆ ಸರಿದರೆ ತೋಳಿನ ಗಟ್ಟಿ ಅಂಚಿಗೆ ಕಾನಸ ಆಡಿಸಿ ತಿದ್ದುವುದು ಈ ಉಳಿಕೆಯಿಂದಲೇ.

ಹೆದೆ ಬಿಲ್ಲಿಗಿಂತ ನಾಲ್ಕು ಇಂಚು ಗಿಡ್ಡ, ಅಂದರೆ 56 ಇಂಚು. ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ದಾರವಾದರೆ 12 ಎಳೆ. ಏರಿಸಲು ಎರಡು ತುದಿಗೂ ಸಿಕ್ಕಿಸುವ ಹಗ್ಗ ಬಳಸಿ. ಕಾಲಿನ ನಡುವೆ ಬಿಲ್ಲು ತೂರಿಸಿ ಬಗ್ಗಿಸಿದರೆ ತೋಳು ತಿರುಚುತ್ತದೆ. ಹಿಡಿಕೆಯಿಂದ ಹೆದೆಗೆ ಏಳೂವರೆ ಇಂಚು ಇರಲಿ. ಹಿಡಿಕೆ ಮುಗಿಯುವಲ್ಲಿ ಅಳೆದರೆ ಕೆಳಗಿನ ತೋಳಿನ ಅಂತರ ಮೇಲಿನದಕ್ಕಿಂತ ಮೂರು ಮಿಲಿಮೀಟರ್ ಕಡಿಮೆ ಬರಬೇಕು. ಮೊದಲ ಎಳೆತ ಗೋಡೆಗೆ ಕಟ್ಟಿದ ಗಡಗಡಿಯಿಂದ, ದೂರ ನಿಂತು, ಹತ್ತು ಇಂಚಿನಿಂದ ಮೆಲ್ಲಗೆ ಏರಿಸುತ್ತಾ. ಬಾಣವಿಲ್ಲದೆ ಹೆದೆ ಬಿಡಲೇಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ತೋಳಿಗೇ ವಾಪಸಾಗಿ ಪದರ ಬಿಚ್ಚುತ್ತದೆ.

ಮೊದಲ ನೂರು ಬಾಣ ಹೊಡೆದ ಮೇಲೆ ಹೆದೆ ಇಳಿಸಿ, ಅಂಟಿನ ಗೆರೆಗಳಿಗೆ ಬ್ಯಾಟರಿ ಬಿಟ್ಟು ನೋಡಿ. ಪಾರದರ್ಶಕ ಗಾಜಿನಡಿ ಬಿಳಿ ಮಚ್ಚೆ ಕಂಡರೆ, ಎಳೆಯುವಾಗ ಟಿಕ್ ಅಂತ ಸದ್ದು ಬಂದರೆ, ಬಿಲ್ಲನ್ನು ಅಲ್ಲಿಗೇ ನಿಲ್ಲಿಸಿ. ಬಿರುಕಿಗೆ ಫೆವಿಕ್ವಿಕ್ ಸುರಿದು ಮತ್ತೆ ಎಳೆಯಬೇಡಿ.