ಮೂಸಾ ಊರಿನ ಹುಡುಗ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದು ಮಾತಿನ ಮೇಲೆ ಜಗಳ ತೆಗೆಯೋಕೇ ಬಂದಿದ್ದೀನಿ. 2022ರ ಮೇ 29ರ ಸಂಜೆ ಪಂಜಾಬಿನಲ್ಲಿ ಹಾಡುಗಾರ, ರ್‍ಯಾಪರ್ ಸಿಧು ಮೂಸೆವಾಲಾನ ಕೊಲೆಯಾಯಿತು. ಹೆಣ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ತೀರ್ಪು ಬಂದುಬಿಟ್ಟಿತ್ತು: ಬಂದೂಕಿನ ಹಾಡು ಹಾಡ್ತಿದ್ದ, ಬಂದೂಕಿಗೇ ಹೋದ, ಮಾಡಿದ್ದುಣ್ಣೋ ಮಹಾರಾಯ! 28 ವರ್ಷದ ಹುಡುಗನ ಬಗ್ಗೆ ಹೇಳಿದ ಈ ಮಾತು ಸುಳ್ಳು. ಜೊತೆಗೆ ನಿರ್ದಯವಾದದ್ದು.

ನೀವೆಲ್ಲ ಅವನ ಹಾಡು ಕೇಳಿದವರೇ, ಹಿನ್ನೆಲೆ ಬೇಗ ಮುಗಿಸ್ತೀನಿ. ಶುಭದೀಪ್ ಸಿಂಗ್ ಸಿಧು, ಹುಟ್ಟಿದ್ದು 1993ರ ಜೂನ್ 11. ಮಾನ್ಸಾ ಜಿಲ್ಲೆಯ ಮೂಸಾ ಅನ್ನೋ ಹಳ್ಳಿ, ಹತ್ತಿ ಬೆಳೆಯೋ ಸೀಮೆ. ತಂದೆ ಬಲ್ಕೌರ್ ಸಿಂಗ್ ಸೈನ್ಯದಲ್ಲಿದ್ದವರು. ಲುಧಿಯಾನದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ, ಆ ಕಡೆಯ ಸಾವಿರಾರು ಹುಡುಗರ ಹಾಗೆ ಕೆನಡಾದ ಬ್ರಾಂಪ್ಟನ್‌ಗೆ ಹೋದ. 2017ರಲ್ಲಿ ‘ಸೋ ಹೈ’ ಬಂತು, ಮರುವರ್ಷ ‘ಪಿಬಿಎಕ್ಸ್ 1’ ಆಲ್ಬಂ. ಹೆಸರಾಯಿತು, ದುಡ್ಡಾಯಿತು. ಆಮೇಲೆ ಏನು ಮಾಡಿದ? ಊರಿಗೆ ವಾಪಸ್ ಬಂದ!

ನಾನು ಒತ್ತಿ ಹೇಳಬೇಕಾದದ್ದು ಇದೇ. ಹೊಲ ಮಾರಿಯಾದರೂ ಮಕ್ಕಳನ್ನ ಕೆನಡಾಕ್ಕೆ ಕಳಿಸೋ ಸೀಮೆ ಅದು. ಅಲ್ಲಿ ಗೆದ್ದ ಹುಡುಗ ಮುಂಬೈಗೂ ಹೋಗಲಿಲ್ಲ, ಮೂಸಾದಲ್ಲೇ ದೊಡ್ಡ ಮನೆ ಕಟ್ಟಿಸಿದ. ಗಂಗೂಬಾಯಿಯವರ ಹೆಸರಿನ ಜೊತೆ ಹಾನಗಲ್ ಹೇಗೋ, ಹಾಗೆ ಊರನ್ನ ಹೆಸರಿಗೇ ಕಟ್ಟಿಕೊಂಡ. ಬೀಟು ಅಮೆರಿಕದ್ದು, ಬಾಯಿ ಮಾತ್ರ ಪಂಜಾಬಿನ ಮಾಲ್ವಾ ಸೀಮೆಯ ರೈತನದು. ಆ ಎತ್ತರದ ಗಂಟಲು ಕೇಳಿದ್ದೀರಲ್ಲ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿದ ಹಾಗಿರುತ್ತೆ.

ಇಲ್ಲಿ ಒಂದು ಟ್ರ್ಯಾಕ್ಟರಿನ ಕತೆ ಹೇಳಲೇಬೇಕು. ಸಿಧುಗೆ ಜೀವಕ್ಕೆ ಜೀವ ಅಂತಿದ್ದದ್ದು ಎಚ್‌ಎಂಟಿ 5911. ಹೌದು, ನಮ್ಮ ಎಚ್‌ಎಂಟಿ! 1953ರಲ್ಲಿ ಬೆಂಗಳೂರಲ್ಲಿ ಶುರುವಾದ, ನಮ್ಮ ಅಪ್ಪಂದಿರ ಕೈಗೆ ವಾಚು ಕಟ್ಟಿದ ಕಂಪನಿ. ಅದರ ಟ್ರ್ಯಾಕ್ಟರುಗಳು ತಯಾರಾಗ್ತಿದ್ದದ್ದು ಹರಿಯಾಣದ ಪಿಂಜೋರಿನಲ್ಲಿ. 2016ರಲ್ಲಿ ಕೇಂದ್ರ ಸರ್ಕಾರ ಆ ಘಟಕ ಮುಚ್ಚೋಕೆ ತೀರ್ಮಾನ ಮಾಡಿತು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಈ ಹುಡುಗ ಅದೇ ಗಾಡಿಯನ್ನ ಹಾಡಿನಲ್ಲಿ ಮೆರೆಸಿದ. ರ್‍ಯಾಪರ್ ಅಂದರೆ ವಿದೇಶಿ ಕಾರಿನ ಮುಂದೆ ನಿಲ್ಲಬೇಕು ಅನ್ನೋ ಕಾಲದಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತ. 5911 ಅನ್ನೋ ನಂಬರ್ ಅಭಿಮಾನಿಗಳಿಗೆ ಮಂತ್ರವಾಯಿತು. ಮೇ 31ರಂದು ಅವನ ಕೊನೇ ಯಾತ್ರೆ ಹೋದದ್ದೂ ಆ ಟ್ರ್ಯಾಕ್ಟರಿನಲ್ಲೇ. ಹೊರಡೋ ಮೊದಲು ತಾಯಿ ಚರಣ್ ಕೌರ್ ಮಗನ ತಲೆ ಬಾಚಿದರು, ತಂದೆ ಮದುಮಗನಿಗೆ ಸುತ್ತಿದ ಹಾಗೆ ಕೆಂಪು ಪಗಡಿ ಸುತ್ತಿದರು. ಸ್ವಂತ ಹೊಲದಲ್ಲೇ ಸಂಸ್ಕಾರ. ಬಂದ ಜನಸಾಗರದ ಮುಂದೆ ಆ ತಂದೆ ತಮ್ಮ ಪಗಡಿ ತೆಗೆದು ಕೈ ಮುಗಿದರು. ಸಿಖ್ಖರಿಗೆ ಪಗಡಿ ಅಂದರೆ ಮಾನ, ಅದನ್ನ ಸಾರ್ವಜನಿಕವಾಗಿ ತೆಗೆಯೋದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಬಂದೂಕು. ಬಂದೂಕಿನ ಹಾಡುಗಳಿದ್ದವು, ನಾನು ಮುಚ್ಚಿಡೋದಿಲ್ಲ. 2020ರಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಅವನು ಎಕೆ-47 ಹಾರಿಸೋ ವಿಡಿಯೋ ಹೊರಬಂತು, ಕೇಸಾಯಿತು. ಅದನ್ನೇ ಹೆಮ್ಮೆ ಮಾಡಿಕೊಂಡು, ಶಸ್ತ್ರಾಸ್ತ್ರ ಕೇಸಿನಲ್ಲಿ ಜೈಲಿಗೆ ಹೋದ ನಟ ಸಂಜಯ್ ದತ್‌ಗೆ ತನ್ನನ್ನ ಹೋಲಿಸಿ ‘ಸಂಜು’ ಅಂತ ಹಾಡು ಮಾಡಿದ. ಆ ಹಾಡು ನನಗೆ ಇವತ್ತಿಗೂ ಹಿಡಿಸೋದಿಲ್ಲ. ಹದಿನಾರರ ಹುಡುಗರು ಅದಕ್ಕೆ ಕುಣಿಯೋದು ನೋಡಿದರೆ ಸಂಕಟ ಆಗುತ್ತೆ. ಆ ಹಾಡನ್ನ ಬೈಯಿರಿ, ನಾನೂ ಜೊತೆಗಿರ್ತೀನಿ. ಆದರೆ ಕೊಂದದ್ದು ಹಾಡಲ್ಲ. ಕೆನಡಾದಲ್ಲಿ ಕೂತಿದ್ದ ಗೋಲ್ಡಿ ಬ್ರಾರ್ ಅನ್ನೋ ಗ್ಯಾಂಗ್‌ಸ್ಟರ್ ನಾವೇ ಮಾಡಿಸಿದ್ದು ಅಂತ ಹೇಳಿಕೊಂಡ. ಗ್ಯಾಂಗುಗಳ ಸೇಡು ಅದು. ಪಂಜಾಬಿ ಹಾಡುಗಾರರಿಗೆ ಸುಲಿಗೆಯ ಕರೆಗಳು ಬರ್ತಿದ್ದದ್ದೂ ಹೊಸದಲ್ಲ. ಮೇ 28ಕ್ಕೆ ರಾಜ್ಯ ಸರ್ಕಾರ ನಾನೂರಕ್ಕೂ ಹೆಚ್ಚು ಜನರ ಭದ್ರತೆ ತೆಗೆಯಿತು, ಇಲ್ಲವೇ ಕಡಿಮೆ ಮಾಡಿತು. ಹೆಸರುಗಳ ಪಟ್ಟಿಯೂ ಹೊರಗೆ ಬಂತು, ಅದರಲ್ಲಿ ಸಿಧುವಿನ ಹೆಸರಿತ್ತು. ಮರುದಿನ ಸಂಜೆ ಜವಾಹರ್‌ಕೆ ಅನ್ನೋ ಹಳ್ಳಿಯಲ್ಲಿ ಅವನ ಥಾರ್ ಜೀಪನ್ನ ಅಡ್ಡಗಟ್ಟಿ ಗುಂಡಿನ ಮಳೆ ಸುರಿಸಿದರು. ಇದರಲ್ಲಿ ‘ಮಾಡಿದ್ದುಣ್ಣೋ’ ಎಲ್ಲಿಂದ ಬಂತು ಹೇಳಿ?

ಅಮೆರಿಕದ ರ್‍ಯಾಪರ್ ಟ್ಯುಪಾಕ್ ಶಕೂರ್ ಸಿಧುವಿನ ಆರಾಧ್ಯ. 1996ರಲ್ಲಿ ಲಾಸ್ ವೇಗಸ್‌ನಲ್ಲಿ ಕಾರಿನಲ್ಲಿ ಕೂತಿದ್ದಾಗಲೇ ಗುಂಡು ತಿಂದು, 25ಕ್ಕೇ ತೀರಿಕೊಂಡವನು. ಅವನ ಸಾವಿನ ನೆನಪಿನಲ್ಲೇ ಸಿಧು ‘ದಿ ಲಾಸ್ಟ್ ರೈಡ್’ ಮಾಡಿದ. ಅದು ಬಂದು ಎರಡೇ ವಾರಕ್ಕೆ ಇವನ ಕೊಲೆ. ಇದನ್ನ ಭವಿಷ್ಯವಾಣಿ ಅಂತ ಟಿವಿಯವರು ವಾರಗಟ್ಟಲೆ ಉಜ್ಜಿದರು. ನನಗೆ ಅದು ಬೇಡ. ಟ್ಯುಪಾಕ್ ತಾಯಿಗೆ ‘ಡಿಯರ್ ಮಾಮಾ’ ಹಾಡಿದ, ಸಿಧು ಅದೇ ಹೆಸರಲ್ಲಿ ತನ್ನ ತಾಯಿಗೆ ಹಾಡಿದ. ಆ ತಾಯಿ ಆಗ ಮೂಸಾದ ಸರಪಂಚರಾಗಿದ್ದರು, ಅಂದರೆ ಊರಿನ ಪಂಚಾಯ್ತಿ ಮುಖ್ಯಸ್ಥರು. ಅಂದರೆ ನೋಡಿ, ಮತ್ತೆ ಊರಿಗೇ ಬಂದೆವು.

ಸಮಯ ಆಯ್ತು ಅಂತ ಚೀಟಿ ಬಂತು. ರಾಜಕೀಯದ ಬಗ್ಗೆ ಟಿಪ್ಪಣಿ ತಂದಿದ್ದೆ, ಒಂದೇ ಉಸಿರಿಗೆ ಹೇಳ್ತೀನಿ: 2022ರಲ್ಲಿ ಮಾನ್ಸಾದಿಂದ ಕಾಂಗ್ರೆಸ್ ಟಿಕೆಟ್ಟಿನಲ್ಲಿ ನಿಂತ, ಸೋತ. ಸತ್ತ ಮೇಲೆ ಜೂನಿನಲ್ಲಿ ‘ಎಸ್‌ವೈಎಲ್’ ಬಂತು, ಪಂಜಾಬ್–ಹರಿಯಾಣ ನೀರಿನ ಜಗಳದ ಸಟ್ಲೆಜ್–ಯಮುನಾ ಕಾಲುವೆಯ ಹಾಡು. ಕೆಲವೇ ದಿನಕ್ಕೆ ಯೂಟ್ಯೂಬಿನಲ್ಲಿ ಭಾರತದ ಮಟ್ಟಿಗೆ ಅದನ್ನ ತಡೆದರು. ಕಾವೇರಿ ಗಲಾಟೆ ಕಂಡ ನಮಗೆ ನೀರಿನ ಹಾಡಿನ ಬಿಸಿ ಗೊತ್ತಾಗುತ್ತೆ.

‘295’ ಹಾಡಿನ ಬಗ್ಗೆ ಪೂರ್ತಿ ಹೇಳೋಕಾಗಲಿಲ್ಲ. ಧಾರ್ಮಿಕ ಭಾವನೆಗೆ ಧಕ್ಕೆ ಅಂತ ಹಾಕ್ತಿದ್ದ, ಹಳೇ ದಂಡ ಸಂಹಿತೆಯ 295ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಆಗಿದೆ. 2021ರ ‘ಮೂಸ್‌ಟೇಪ್’ ಆಲ್ಬಮ್ಮಿನ ಈ ಹಾಡು ಅವನು ಹೋದ ಮೇಲೆ ಬಿಲ್‌ಬೋರ್ಡಿನ ಜಾಗತಿಕ ಪಟ್ಟಿಗೂ ಏರಿತು. ಅದರಲ್ಲಿ ಒಂದೂ ಬಂದೂಕಿನ ಬಡಾಯಿ ಇಲ್ಲ. ಸ್ಪೀಕರ್ ತಂದಿದ್ದೀವಿ, ಈಗಲೇ ಹಾಕಿಸ್ತೀನಿ. ಕೇಳಿ, ಆಮೇಲೆ ಪ್ರಶ್ನೆಗಳಿದ್ದರೆ ಹೊರಗೆ ಚಹಾದ ಹತ್ತಿರ ಸಿಗ್ತೀನಿ.