ಒಂದು ಚಿಕ್ಕ ಪಾತ್ರೆ ಬೇರೆ ಇಡಿ, ಫಾದರ್

ನಮ್ಮ ಕ್ಯಾಥೋಲಿಕ್ ಚರ್ಚಿನ ಭಾನುವಾರದ ಬಲಿಪೂಜೆಯಲ್ಲಿ ಪರಮಪ್ರಸಾದದ, ಅಂದರೆ ಫಾದರ್ ಕೊಡುವ ಪವಿತ್ರ ಗೋಧಿ ರೊಟ್ಟಿಯ, ಸಾಲು ಶುರುವಾದರೆ ನಾನು ಬೆಂಚಿನಲ್ಲೇ ಕೂತಿರುತ್ತಿದ್ದೆ. ಆರು ತಿಂಗಳು ಹಾಗೇ. ಪಕ್ಕದವರು ನನ್ನ ಮೊಣಕಾಲು ದಾಟಿಕೊಂಡು ಮುಂದೆ ಹೋಗುತ್ತಿದ್ದರು. ಒಂದಿನ ಹಿಂದಿನ ಬೆಂಚಿನ ಆಂಟಿ ಹೊರಗೆ ಕೈ ಹಿಡಿದು ಮೆಲ್ಲಗೆ ಕೇಳಿದರು, "ಏನವ್ವಾ, ಪಾಪನಿವೇದನೆ ಮಾಡಿಲ್ವಾ?" ಫಾದರ್ ಹತ್ತಿರ ಪಾಪ ಹೇಳಿಕೊಳ್ಳದ್ದಕ್ಕೇ ನಾನು ಕೂತಿದ್ದೇನೆ ಅಂತ ಅವರ ಲೆಕ್ಕ. "ಗೋಧಿ ಆಗಲ್ಲ ಆಂಟಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ.

ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ, ಈ ಧಾನ್ಯಗಳಲ್ಲಿ ಗ್ಲುಟನ್ ಅನ್ನುವ ಪ್ರೋಟೀನ್ ಇದೆ. ಅದು ಒಳಗೆ ಹೋದರೆ ನನ್ನ ದೇಹದ ರೋಗನಿರೋಧಕ ಶಕ್ತಿಯೇ ನನ್ನ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ರಕ್ತ ಕಡಿಮೆ ಅಂತ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದ ಮೇಲೆ, ರಕ್ತ ಪರೀಕ್ಷೆ, ಎಂಡೋಸ್ಕೋಪಿ ಆಗಿ ಗೊತ್ತಾಯಿತು. ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟನ್ ಬಿಡಬೇಕು, ಒಂದು ಚೂರೂ ಒಳಗೆ ಹೋಗಬಾರದು.

ದಾವಣಗೆರೆಯಲ್ಲಿ ಊಟಕ್ಕೇನೂ ಬರವಿಲ್ಲ. ಜೋಳದ ರೊಟ್ಟಿ ಇದೆ, ಮುದ್ದೆ ಇದೆ, ಮಂಡಕ್ಕಿ ಇದೆ. ಆದರೂ ಕಣ್ಣು ತೆರೆದಿರಬೇಕು. ಗಿರಣಿಯಲ್ಲಿ ಯಾರದೋ ಗೋಧಿ ಬೀಸಿದ ಮೇಲೆ ಅದೇ ಕಲ್ಲಿಗೆ ನನ್ನ ಜೋಳ ಸುರಿದರೆ ಮುಗಿಯಿತು. ಇಂಗಿನ ಡಬ್ಬಿ ತಿರುಗಿಸಿ ಓದಿ ನೋಡಿ, ಎಷ್ಟೋ ಡಬ್ಬಿಗಳ ಮೇಲೆ ಗೋಧಿ ಹಿಟ್ಟು ಅಂತ ಇರುತ್ತದೆ. ಮನೆಯಲ್ಲಿ ಇದನ್ನೆಲ್ಲ ನಾನೇ ಸಂಭಾಳಿಸಿಕೊಳ್ಳುತ್ತೇನೆ. ಚರ್ಚಿನಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ.

ಪೂಜೆಯ ರೊಟ್ಟಿ ಬರೀ ಗೋಧಿ ಮತ್ತು ನೀರು. ಧರ್ಮಸಭೆಯ, ಅಂದರೆ ಕ್ಯಾಥೋಲಿಕ್ ಚರ್ಚಿನ, ಕಾನೂನಿನ 924ನೇ ವಿಧಿ ಹಾಗೆಯೇ ಹೇಳುತ್ತದೆ. ಅಕ್ಕಿಯದು ಮಾಡಿದರೆ ಏನಾಗುತ್ತೆ ಅಂತ ನಾನೂ ಸಿಟ್ಟಿನಲ್ಲಿ ಕೇಳಿದವಳೇ. 2003ರ ಜುಲೈನಲ್ಲಿ ವ್ಯಾಟಿಕನ್ನಿನಿಂದ ಬಂದ ಪತ್ರಕ್ಕೆ ಸಹಿ ಹಾಕಿದವರು ಕಾರ್ಡಿನಲ್ ರಾಟ್ಸಿಂಗರ್, ಮುಂದೆ ಪೋಪ್ 16ನೇ ಬೆನೆಡಿಕ್ಟ್ ಆದವರು. ಗ್ಲುಟನ್ ಒಂಚೂರೂ ಇಲ್ಲದ ರೊಟ್ಟಿ ಸಲ್ಲದು, ಕಡಿಮೆಯಾದರೂ ರೊಟ್ಟಿಯಾಗಲು ಸಾಕಾಗುವಷ್ಟು ಗ್ಲುಟನ್ ಇದ್ದರೆ ಸಲ್ಲುತ್ತದೆ ಅಂತ ಅದರಲ್ಲಿದೆ. 2017ರಲ್ಲಿ ಮತ್ತೆ ಅದನ್ನೇ ಹೇಳಿದರು. ಅಮೆರಿಕದ ಮಿಸ್ಸೂರಿಯಲ್ಲಿ ಬೆನೆಡಿಕ್ಟೀನ್ ಸಿಸ್ಟರ್‌ಗಳು ಅಂಥ ರೊಟ್ಟಿ ಮಾಡುತ್ತಾರೆ, ಗ್ಲುಟನ್ ಶೇಕಡಾ 0.01ರಷ್ಟು. ಅದನ್ನು ಇಲ್ಲಿಗೆ ತರಿಸುವುದು ಎಲ್ಲರ ಕೈಲಾಗುವ ಮಾತಲ್ಲ.

ಆದರೆ ಅದೇ ಪತ್ರ ಇನ್ನೊಂದು ದಾರಿಯನ್ನೂ ಕೊಟ್ಟಿದೆ. ನಮ್ಮಂಥವರು ರೊಟ್ಟಿ ಬಿಟ್ಟು, ಪೂಜೆಯಲ್ಲಿ ಅದರ ಜೊತೆ ಇಡುವ ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ರೊಟ್ಟಿಯಲ್ಲೂ ಕ್ರಿಸ್ತರು ಪೂರ್ತಿ ಇದ್ದಾರೆ, ರಸದಲ್ಲೂ ಪೂರ್ತಿ ಇದ್ದಾರೆ ಅನ್ನುವುದು ನಮ್ಮ ವಿಶ್ವಾಸ. ನೀವೆಲ್ಲ ಚಿಕ್ಕಂದಿನಿಂದ ರೊಟ್ಟಿ ಮಾತ್ರ ತೆಗೆದುಕೊಂಡಿದ್ದೀರಿ, ಅರ್ಧ ಸಿಕ್ಕಿತು ಅಂತ ಯಾರಿಗಾದರೂ ಅನ್ನಿಸಿದೆಯಾ? ನನ್ನದೂ ಅರ್ಧವಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಫಾದರ್ ರೊಟ್ಟಿ ಮುರಿದ ಮೇಲೆ ಒಂದು ಚೂರನ್ನು ದ್ರಾಕ್ಷಾರಸದ ಪಾನಪಾತ್ರೆಗೆ ಹಾಕುತ್ತಾರೆ. ಉಗುರಿನ ತುದಿಯಷ್ಟೇ ಇರುತ್ತದೆ, ರಸದಲ್ಲಿ ನೆನೆದು ಮೆತ್ತಗಾಗುತ್ತದೆ. ಅಷ್ಟು ಸಾಕು, ಆ ಪಾತ್ರೆಯದು ನನಗೆ ಆಗುವುದಿಲ್ಲ. ಅದಕ್ಕೇ ನನಗೆ ಬೇರೆ ಪಾತ್ರೆ ಬೇಕು. ಬಲಿಪೀಠದ ಮೇಲೆ ಮೊದಲಿನಿಂದಲೇ ಮುಚ್ಚಿಟ್ಟ ಒಂದು ಪುಟ್ಟ ಪಾತ್ರೆ, ಎರಡು ಗುಟುಕು ದ್ರಾಕ್ಷಾರಸ. ರೊಟ್ಟಿ ಅದ್ದಬಾರದು, ರೊಟ್ಟಿಯ ಪುಡಿ ಬೀಳಬಾರದು.

"ವಿಶ್ವಾಸ ಇದ್ರೆ ಏನೂ ಆಗಲ್ಲ ಬಿಡಮ್ಮ" ಅಂದವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವರ ಮಾತು ಕೇಳಿ ಕಾಲು ಭಾಗ ರೊಟ್ಟಿ ತೆಗೆದುಕೊಂಡೆ, ಸಂಜೆಯಿಂದ ಹೊಟ್ಟೆ ಹಿಡಿದು ಮಲಗಿದೆ. ನಮ್ಮ ಧರ್ಮಸಭೆ ಹಾಗೆ ಕಲಿಸುವುದೇ ಇಲ್ಲ. ರೊಟ್ಟಿ ಕ್ರಿಸ್ತರ ಶರೀರವಾದ ಮೇಲೂ ರೊಟ್ಟಿಯ ಹೊರಗುಣಗಳು ಹಾಗೇ ಉಳಿಯುತ್ತವೆ ಅನ್ನುತ್ತದೆ, ಅಂದರೆ ನನಗೆ ಆಗದ ಗ್ಲುಟನ್ನೂ. 13ನೇ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸ್ ಇದನ್ನು ಯೋಚಿಸಿದ್ದರು. ಪಾತ್ರೆಯಲ್ಲಿ ವಿಷ ಬಿದ್ದದ್ದು ಗೊತ್ತಾದರೆ ಪೂಜೆ ಮಾಡುವ ಗುರು ತಾನೂ ಕುಡಿಯಬಾರದು, ಇನ್ನೊಬ್ಬರಿಗೂ ಕೊಡಬಾರದು, ಜೀವ ಕೊಡುವ ಪಾತ್ರೆ ಸಾವು ತರಬಾರದು ಅಂತ ಬರೆದರು. ಅಷ್ಟು ದೊಡ್ಡ ಸಂತರೇ ಹೀಗೆ ಹೇಳಿರುವಾಗ ನನ್ನ ವಿಶ್ವಾಸವನ್ನು ಹೊಟ್ಟೆನೋವಿನಿಂದ ಯಾಕೆ ಅಳೆಯಬೇಕು?

ಈಗ ನನಗೆ ಪಾತ್ರೆ ಸಿಗುತ್ತಿದೆ. ಆದರೆ ಪ್ರತಿ ವಾರ ಪೂಜೆಗೆ ಮುಂಚೆ ಒಳಗೆ ಹೋಗಿ ನೆನಪಿಸಬೇಕು. ಬೇರೆ ಫಾದರ್ ಬಂದಿದ್ದರೆ ಮೊದಲಿನಿಂದ ಎಲ್ಲ ವಿವರಿಸಬೇಕು. ಒಂದೊಂದು ಸಲ ಧೈರ್ಯ ಸಾಲದೆ ಮತ್ತೆ ಬೆಂಚಿನಲ್ಲೇ ಕೂರುತ್ತೇನೆ. ಹರಿಹರದ ಆರೋಗ್ಯ ಮಾತೆಯ ಚರ್ಚಿನ ಹಬ್ಬಕ್ಕೆ, ಸೆಪ್ಟೆಂಬರ್ 8ರ ಆ ಜನಸಾಗರದಲ್ಲಿ, ಯಾರನ್ನು ಹುಡುಕಿ ಹೇಳಲಿ?

ಫಾದರ್‌ಗಳೇ, ಒಂದು ಭಾನುವಾರ ನೀವೇ ಮೈಕಿನಲ್ಲಿ ಹೇಳಿಬಿಡಿ: ಗೋಧಿ ಆಗದವರು ಇದ್ದರೆ ತಿಳಿಸಿ, ಬೇರೆ ಪಾತ್ರೆ ಇಡುತ್ತೇವೆ. ಪ್ರಥಮ ಪರಮಪ್ರಸಾದಕ್ಕೆ ಮಕ್ಕಳ ಹೆಸರು ಬರೆದುಕೊಳ್ಳುವಾಗ ಅಪ್ಪ ಅಮ್ಮನನ್ನೂ ಒಂದು ಮಾತು ಕೇಳಿ. ಎಂಟು ಒಂಬತ್ತು ವರ್ಷದ ಮಗುವಿಗೆ ಅಷ್ಟು ಜನರ ಮುಂದೆ ಹೋಗಿ ಹೇಳಲು ಬಾಯಿ ಬರುವುದಿಲ್ಲ, ಅಲ್ವಾ?